ಮೊದಲು ಪ್ಯಾಕೇಜ್ ಬಿಚ್ಚಿಸೋಣ

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಸಣ್ಣ ಗುತ್ತಿಗೆದಾರರು, ನೇಕಾರರು, ಬಡಿಗೇರರು, ಕಮ್ಮಾರರು, ಪ್ರಿಂಟಿಂಗ್ ಪ್ರೆಸ್ಸಿನವರು, ಸ್ತ್ರೀಶಕ್ತಿ ಮತ್ತು ಸ್ವಸಹಾಯ ಸಂಘಗಳ ಅಕ್ಕಂದಿರೇ,

ನಿಮ್ಮಲ್ಲಿ ಹಲವರಿಗೆ ನಾನು ಗೊತ್ತು. ಜಿಎಸ್‌ಟಿ ರಿಟರ್ನ್ ತುಂಬುವುದು, ಉದ್ಯಮ್ ನೋಂದಣಿ ಮಾಡಿಸುವುದು, ಟೆಂಡರ್ ಕಾಗದ ಸ್ಕ್ಯಾನ್ ಮಾಡಿ ಪೋರ್ಟಲ್‌ಗೆ ಹಾಕುವುದು ನನ್ನ ಹೊಟ್ಟೆಪಾಡು. ಹಾಗಾಗಿ ನೀವು ಬಾಯಿಬಿಟ್ಟು ಹೇಳದ ಲೆಕ್ಕವೂ ನನಗೆ ಅಷ್ಟಿಷ್ಟು ತಿಳಿದಿದೆ. ಈಚೆಗೆ ಬಂದವರೆಲ್ಲ ಒಂದೇ ಮಾತು ಆಡುತ್ತೀರಿ: "ಸರ್ಕಾರದ ಕೆಲಸದಾಗ ಸಣ್ಣವ್ರಿಗೆ ಇಷ್ಟು ಪರ್ಸೆಂಟ್ ಅಂತ ತೆಗೆದಿಡ್ಲಿ ನೋಡ್ರಿ, ಹೆಂಗ ಕೆಲಸ ಮಾಡಿ ತೋರಸ್ತೀವಿ." ಬೇಡಿಕೆ ತಪ್ಪಲ್ಲ. ಆದರೆ ಪರ್ಸೆಂಟ್ ಕೇಳುವ ಮುಂಚೆ ಟೆಂಡರಿನ ಗಾತ್ರದ ಬಗ್ಗೆ ಕೇಳಬೇಕು, ಬಿಲ್ಲಿನ ತಾರೀಖಿನ ಬಗ್ಗೆ ಕೇಳಬೇಕು. ಅವೆರಡೂ ಸರಿಯಾಗದೆ ಮೀಸಲು ಎಷ್ಟು ಬಂದರೂ ನಮ್ಮ ಊರಿಗೆ ಮುಟ್ಟುವುದಿಲ್ಲ. ಅದನ್ನು ಹೇಳಲೆಂದೇ ಈ ಪತ್ರ.

ಮೀಸಲು ಈಗಾಗಲೇ ಇದೆ, ದಿಲ್ಲಿಯಲ್ಲಿ. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ಖರೀದಿಸುವ ನೀತಿಯನ್ನು ಕೇಂದ್ರ ಸರ್ಕಾರ 2012ರ ಮಾರ್ಚ್‌ನಲ್ಲಿ ಆದೇಶವಾಗಿ ಹೊರಡಿಸಿತು. ಕೇಂದ್ರದ ಇಲಾಖೆಗಳೂ ಕಂಪನಿಗಳೂ ವರ್ಷದ ಖರೀದಿಯಲ್ಲಿ ಶೇ 20ರಷ್ಟನ್ನು ಇಂಥವರಿಂದ ಕೊಳ್ಳಬೇಕು ಎಂದಿತು. 2018ರ ತಿದ್ದುಪಡಿಯಲ್ಲಿ ಅದು ಶೇ 25 ಆಯಿತು. ಅದರೊಳಗೇ ಪರಿಶಿಷ್ಟ ಜಾತಿ, ಪಂಗಡದವರ ಉದ್ದಿಮೆಗಳಿಗೆ ಶೇ 4, ಹೆಣ್ಣುಮಕ್ಕಳ ಉದ್ದಿಮೆಗಳಿಗೆ ಶೇ 3. ಜೊತೆಗೆ 358 ವಸ್ತುಗಳ ಒಂದು ಪಟ್ಟಿ. ಅವನ್ನು ಸಣ್ಣವರಿಂದಲೇ ಕೊಳ್ಳಬೇಕು. ಕೈಯಲ್ಲಿ ಹಿಡಿಯುವ ಕೃಷಿ ಸಲಕರಣೆ, ಎತ್ತುಗಳಿಂದ ಎಳೆಸುವ ಸಲಕರಣೆ, ಚಪ್ಪಲಿ ಎಲ್ಲ ಅದರಲ್ಲಿವೆ. ಟೆಂಡರ್ ಫಾರಂ ಪುಕ್ಕಟೆ, ಇಎಂಡಿ ಎಂಬ ಠೇವಣಿ ಕಟ್ಟಬೇಕಿಲ್ಲ.

ದರದ ವಿಷಯದಲ್ಲೂ ಒಂದು ಅನುಕೂಲವಿದೆ, ಅದನ್ನು ಬಹಳ ಮಂದಿ ತಪ್ಪು ತಿಳಿದಿದ್ದಾರೆ. ದೊಡ್ಡ ಕಂಪನಿಯೊಂದು 100 ರೂಪಾಯಿಗೆ ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ದರದವನು, ಆಯಿತು, ನೀವು 113 ಹಾಕಿದ್ದೀರಿ ಎನ್ನೋಣ. ನಿಮ್ಮ ದರ ಶೇ 15ರ ಒಳಗಿರುವುದರಿಂದ ನಿಮ್ಮನ್ನು ಕರೆದು "100ಕ್ಕೆ ಕೊಡ್ತೀರೇನು?" ಎಂದು ಕೇಳಬೇಕು. ಒಪ್ಪಿದರೆ, ಆರ್ಡರನ್ನು ಹಂಚಲು ಬರುವಂತಿದ್ದರೆ, ಅದರ ಒಂದು ಪಾಲು ನಿಮ್ಮದು. 113 ರೂಪಾಯಿ ಯಾರೂ ಕೊಡುವುದಿಲ್ಲ. ಸರ್ಕಾರದ ಬೊಕ್ಕಸಕ್ಕೆ ಇದರಿಂದ ನಷ್ಟ ಎನ್ನುವವರು ಈ ಲೆಕ್ಕವನ್ನು ಒಮ್ಮೆ ಓದಿಕೊಳ್ಳಬೇಕು.

ಇಷ್ಟೆಲ್ಲ ಇದ್ದೂ ನಮಗೇಕೆ ಬರಲಿಲ್ಲ? ಆ ಆದೇಶ ಕಟ್ಟಿಹಾಕುವುದು ಕೇಂದ್ರದ ಕಚೇರಿಗಳನ್ನು. ನಮ್ಮ ಪುರಸಭೆ, ತಾಲ್ಲೂಕು ಪಂಚಾಯಿತಿ, ಲೋಕೋಪಯೋಗಿ, ಸಣ್ಣ ನೀರಾವರಿ, ಬಿಇಒ ಕಚೇರಿ ಯಾವುದಕ್ಕೂ ಅದು ಅನ್ವಯಿಸದು. ನಮಗೆ ಹತ್ತಿರದ ದೊಡ್ಡ ಕೇಂದ್ರ ಗಿರಾಕಿ ಎಂದರೆ ಹುಬ್ಬಳ್ಳಿಯ ನೈರುತ್ಯ ರೈಲ್ವೆ. ಹೊಳೆಆಲೂರು ನಿಲ್ದಾಣಕ್ಕೆ ರೈಲು ಬರುತ್ತದೆ, ರೈಲ್ವೆಯ ಟೆಂಡರ್ ಬಂದಿದ್ದು ನಾನಂತೂ ಕಾಣೆ. ಮೇಲಾಗಿ ಆ ನೀತಿ ಸರಕು ಮತ್ತು ಸೇವೆಗೆ ಮೀಸಲಾದದ್ದು, ಕಟ್ಟಡ-ರಸ್ತೆ ಕಾಮಗಾರಿಗಲ್ಲ. ತಯಾರಿಸದೆ ಬರೀ ಕೊಂಡು ಮಾರುವ ಅಂಗಡಿಕಾರರಿಗೂ ಅಲ್ಲ; ಅವರಿಗೆ 2021ರಿಂದ ಉದ್ಯಮ್ ಸರ್ಟಿಫಿಕೇಟ್ ಸಿಗುತ್ತದೆ ನಿಜ, ಅದು ಬ್ಯಾಂಕ್ ಸಾಲದ ಅನುಕೂಲಕ್ಕಷ್ಟೇ. ಇನ್ನು "ಸಣ್ಣ" ಯಾರು? 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಕೋಟಿ ವಹಿವಾಟಿನವರೆಗೆ ಸೂಕ್ಷ್ಮ, 100 ಕೋಟಿಯವರೆಗೆ ಸಣ್ಣ. 100 ಕೋಟಿ ವಹಿವಾಟು ಮಾಡುವವನನ್ನು ನರೇಗಲ್ಲಿನ ಸಂತೆಯಲ್ಲಿ ಸಣ್ಣ ವ್ಯಾಪಾರಿ ಎಂದು ಕರೆದು ನೋಡಿ, ಅವನ ಮನೆಯವರೇ ನಕ್ಕಾರು. ಅಮೆರಿಕ ತನ್ನ ಸಣ್ಣ ಉದ್ದಿಮೆಗಳ ಕಾಯ್ದೆಯನ್ನು 1953ರಲ್ಲೇ ಮಾಡಿ, ಇಂದು ಒಕ್ಕೂಟ ಸರ್ಕಾರದ ಗುತ್ತಿಗೆಗಳಲ್ಲಿ ಶೇ 23ರ ಗುರಿ ಇಟ್ಟುಕೊಂಡಿದೆ. ಅಲ್ಲಿಯೂ ಯಾರನ್ನು ಸಣ್ಣವರೆನ್ನಬೇಕು ಎಂಬ ಜಗಳ ಮುಗಿದಿಲ್ಲ.

ರಾಜ್ಯದ ಕಥೆ ಬೇರೆ. ಇಲ್ಲಿ ನಡೆಯುವುದು ಕೆಟಿಪಿಪಿ, ಅಂದರೆ 1999ರ ಪಾರದರ್ಶಕತೆ ಕಾಯ್ದೆ. ಅದರಲ್ಲಿ ಉದ್ದಿಮೆಯ ಗಾತ್ರ ನೋಡುವುದಿಲ್ಲ, ಗುತ್ತಿಗೆದಾರನ ಜಾತಿಪಟ್ಟಿ ನೋಡುತ್ತಾರೆ. 50 ಲಕ್ಷದವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪಂಗಡಕ್ಕೆ ಶೇ 6.95 ಎಂದು ಮೊದಲು ಬಂತು. 2023ರಲ್ಲಿ ಮಿತಿ 1 ಕೋಟಿಗೆ ಏರಿತು. ಹಿಂದುಳಿದ ವರ್ಗಗಳ ಪ್ರವರ್ಗ-1 ಮತ್ತು 2ಎಗೂ ಪಾಲು ಸಿಕ್ಕಿತು. ಮಿತಿಯನ್ನು 2 ಕೋಟಿಗೆ ಏರಿಸಿ 2ಬಿಗೆ ಶೇ 4 ಕೊಡುವ ಮಸೂದೆ 2025ರ ಮಾರ್ಚ್‌ನಲ್ಲಿ ಸದನದಲ್ಲಿ ಗದ್ದಲದ ನಡುವೆ ಅಂಗೀಕಾರವಾಯಿತು, ರಾಜ್ಯಪಾಲರು ಅದನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು. ಆ ಗದ್ದಲದಲ್ಲಿ ಯಾರಿಗೆ ಎಷ್ಟು ಎಂಬುದೇ ಕೇಳಿಸಿತು. ಮಿತಿ ಎಂಬ ಗೋಡೆಯನ್ನು ಹೇಗೆ ಹಾರುತ್ತಾರೆ ಎಂಬುದನ್ನು ಯಾರೂ ಕೇಳಲಿಲ್ಲ.

ಒಂದು ಲೆಕ್ಕ ಹಾಕೋಣ, ಉದಾಹರಣೆಗಷ್ಟೇ. ಎಂಟು ಹಳ್ಳಿಯ ಶಾಲೆಗಳಿಗೆ ತಲಾ 15 ಲಕ್ಷದ ಶೌಚಾಲಯ ಮತ್ತು ಕಾಂಪೌಂಡ್ ಕಟ್ಟಬೇಕು. ಬಿಡಿಬಿಡಿಯಾಗಿ ಕರೆದರೆ ಎಂಟು ಟೆಂಡರ್. ಎಲ್ಲವೂ ಮಿತಿಯೊಳಗೆ, ಮೀಸಲಾತಿ ಅನ್ವಯ, ಊರಿನ ಗುತ್ತಿಗೆದಾರನೂ ಹಾಕಬಹುದು. ಎಂಟನ್ನೂ ಕಟ್ಟಿ ಒಂದು ಪ್ಯಾಕೇಜ್ ಮಾಡಿದರೆ 1 ಕೋಟಿ 20 ಲಕ್ಷ. ಮೀಸಲಾತಿ ಹೋಯಿತು. ಇಎಂಡಿ ಎಂಟು ಪಟ್ಟಾಯಿತು. "ಕಳೆದ ಐದು ವರ್ಷಗಳಲ್ಲಿ ಇಷ್ಟು ಕೋಟಿ ವಹಿವಾಟು, ಇದೇ ಬಗೆಯ ಇಷ್ಟು ದೊಡ್ಡ ಕೆಲಸ ಮುಗಿಸಿದ ಸರ್ಟಿಫಿಕೇಟ್" ಎಂಬ ಷರತ್ತಿನ ಎದುರು ರೋಣ ತಾಲ್ಲೂಕಿನ ಮೂರನೇ ದರ್ಜೆ ಗುತ್ತಿಗೆದಾರ ಮಂಡಿಯೂರಿದ. ಕಾನೂನಿನ ಒಂದಕ್ಷರವನ್ನೂ ಯಾರೂ ಮುರಿಯಲಿಲ್ಲ. ರಾಜ್ಯದ ಗುತ್ತಿಗೆದಾರರ ಸಂಘ ಪ್ಯಾಕೇಜ್ ಪದ್ಧತಿ ಬೇಡ ಎಂದು ವರ್ಷಗಳಿಂದ ಕೂಗುತ್ತಿರುವುದು ಇದಕ್ಕೇ.

ಪ್ಯಾಕೇಜ್ ಗೆದ್ದವನು ಬೆಂಗಳೂರಿನವನೋ ಬೆಳಗಾವಿಯವನೋ ಆದರೂ ಗಾರೆ ಕಲಸುವವರು ನೀವೇ. ಅವನು ನಿಮ್ಮನ್ನೇ ಕರೆದು ತುಂಡು ಗುತ್ತಿಗೆ ಕೊಡುತ್ತಾನೆ, ತನ್ನ ಪಾಲು ಮುರಿದುಕೊಂಡು. ಟೆಂಡರ್ ಇಲ್ಲದೆ ಕೆಟಿಪಿಪಿಯ 4(ಜಿ) ವಿನಾಯಿತಿಯಲ್ಲಿ ಭೂಸೇನೆಗೋ ನಿರ್ಮಿತಿ ಕೇಂದ್ರಕ್ಕೋ ಹೋದ ಕೆಲಸಗಳಲ್ಲೂ ಎಷ್ಟೋ ಸಲ ಹೀಗೆಯೇ. ಕೂಲಿ ಸಿಕ್ಕಿತಲ್ಲ ಎಂದು ಸುಮ್ಮನಾಗುತ್ತೀರಿ. ಇದರಲ್ಲಿ ದುಡ್ಡಿಗಿಂತ ದೊಡ್ಡ ನಷ್ಟವೊಂದಿದೆ: ಕೆಲಸ ಮುಗಿದ ಸರ್ಟಿಫಿಕೇಟ್ ಅವನ ಹೆಸರಿಗೆ ಬರುತ್ತದೆ. ಹತ್ತು ಶಾಲೆ ಕಟ್ಟಿದ ಮೇಸ್ತ್ರಿಯ ಹೆಸರಿನಲ್ಲಿ ಕಾಗದದ ಮೇಲೆ ಒಂದು ಗೋಡೆಯೂ ಇರುವುದಿಲ್ಲ. ಮುಂದಿನ ಟೆಂಡರಿನಲ್ಲಿ ಅನುಭವ ಕೇಳಿದಾಗ ಅವನ ಕೈ ಖಾಲಿ. ಹೀಗೆ ವರ್ಷ ವರ್ಷ ದೊಡ್ಡವನ ಫೈಲು ದಪ್ಪವಾಗುತ್ತದೆ.

ಪ್ಯಾಕೇಜ್ ಮಾಡುವ ಎಂಜಿನಿಯರರ ಪಾಡನ್ನೂ ಹೇಳಬೇಕು. ಎಂಟು ಟೆಂಡರ್ ಎಂದರೆ ಎಂಟು ಎಸ್ಟಿಮೇಟ್, ಎಂಟು ಒಪ್ಪಂದ, ಎಂಟು ಅಳತೆ ಪುಸ್ತಕ. ಕಚೇರಿಯಲ್ಲಿ ಅರ್ಧ ಹುದ್ದೆ ಖಾಲಿ. ಒಬ್ಬನೇ ಗುತ್ತಿಗೆದಾರನಾದರೆ ಹಿಡಿದು ಕೇಳಲು ಸುಲಭ. ಇನ್ನು ಬೇಕೆಂದೇ ಕಾಮಗಾರಿ ತುಂಡರಿಸಿದರೆ, ಟೆಂಡರ್ ತಪ್ಪಿಸಲು ಹೀಗೆ ಮಾಡಿದ್ದಾರೆ ಎಂದು ಆಡಿಟ್ ಆಕ್ಷೇಪಣೆ ಬರುತ್ತದೆ. ಆ ಭಯವೂ ಸುಳ್ಳಲ್ಲ.

ಇದಕ್ಕೆ ಮದ್ದಿದೆ. ಟೆಂಡರ್ ಒಂದೇ ಇರಲಿ, ಅದರೊಳಗೆ ಎಂಟು ಲಾಟ್ ಇರಲಿ. ಒಬ್ಬ ಒಂದು ಲಾಟಿಗೂ ಹಾಕಬಹುದು, ಎಂಟಕ್ಕೂ ಹಾಕಬಹುದು. ಠೇವಣಿ, ವಹಿವಾಟು, ಅನುಭವ ಎಲ್ಲ ಆ ಲಾಟಿನ ಅಳತೆಗೆ. ಟೆಂಡರ್ ತಪ್ಪಿಸಿದಂತೆಯೂ ಆಗದು, ಪ್ರಕಟಣೆಯ ಖರ್ಚೂ ಒಂದೇ. ಯುರೋಪಿನ ದೇಶಗಳು 2014ರಲ್ಲಿ ಇದನ್ನೇ ನಿಯಮ ಮಾಡಿಕೊಂಡವು. ದೊಡ್ಡ ಗುತ್ತಿಗೆಯನ್ನು ಲಾಟುಗಳಾಗಿ ಹಂಚಬೇಕು. ಹಂಚದಿದ್ದರೆ ಯಾಕೆ ಹಂಚಲಿಲ್ಲ ಎಂದು ಅಧಿಕಾರಿ ಬರೆದಿಡಬೇಕು. ಕೇಳುವ ವಹಿವಾಟು, ವಿಶೇಷ ಕಾರಣವಿಲ್ಲದೆ, ಗುತ್ತಿಗೆ ಮೊತ್ತದ ಎರಡು ಪಟ್ಟು ಮೀರಬಾರದು. ಬರೆದಿಡಬೇಕು ಎಂಬ ಆ ಒಂದು ಮಾತು ನನಗೆ ಬಹಳ ಹಿಡಿಸಿತು. ಕಾರಣ ಬರೆಯಬೇಕಾಗಿ ಬಂದರೆ ಅರ್ಧ ಪ್ಯಾಕೇಜುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತವೆ.

ಊರಿನವರೇ ಕೆಲಸ ಮಾಡಬೇಕು ಎನ್ನುವುದು ಬರೀ ಮಮತೆಯ ಮಾತಲ್ಲ. ನಮ್ಮ ಎರೆ ನೆಲ ಬೇಸಿಗೆಯಲ್ಲಿ ಕಾಲು ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ನರಗುಂದದ ಹೊಲದಂಚಿನ ಕಾಂಪೌಂಡ್ ಗೋಡೆ ಮೂರನೇ ವರ್ಷಕ್ಕೆ ಯಾಕೆ ವಾಲುತ್ತದೆ ಎಂದು ಇಲ್ಲಿನ ಮೇಸ್ತ್ರಿಗೆ ಹೇಳಿಕೊಡಬೇಕಿಲ್ಲ. ಗುತ್ತಿಗೆಯ ನಿರ್ವಹಣೆ ಅವಧಿಯಲ್ಲಿ ಗೋಡೆ ಬಿರುಕುಬಿಟ್ಟರೆ ಅವನು ಮರುದಿನ ಬೆಳಗ್ಗೆ ಅಲ್ಲಿರುತ್ತಾನೆ, ಯಾಕೆಂದರೆ ಅವನ ಮಗಳು ಓದುವುದು ಅದೇ ಶಾಲೆಯಲ್ಲಿ.

ಇನ್ನು ಅಕ್ಕಂದಿರ ವಿಷಯ. ಅಂಗನವಾಡಿಯ ಪೌಷ್ಟಿಕ ಆಹಾರಕ್ಕೆ ಗುತ್ತಿಗೆದಾರರು ಬೇಡ, ಗ್ರಾಮ ಸಮುದಾಯ, ಸ್ವಸಹಾಯ ಗುಂಪು, ಮಹಿಳಾ ಮಂಡಳಿಗಳನ್ನೇ ಬಳಸಿ ಎಂದು ಸುಪ್ರೀಂ ಕೋರ್ಟ್ 2004ರ ಅಕ್ಟೋಬರ್‌ನಲ್ಲಿ ಹೇಳಿತು. ನಮ್ಮ ರಾಜ್ಯದಲ್ಲಿ ಎಂಎಸ್‌ಪಿಟಿಸಿ ಎಂಬ ಮಹಿಳಾ ಆಹಾರ ತಯಾರಿಕಾ ಕೇಂದ್ರಗಳು ಹುಟ್ಟಿದವು. ಸಣ್ಣವರಿಗೆ ಆದ್ಯತೆ ಎಂಬುದಕ್ಕೆ ಕರ್ನಾಟಕದಲ್ಲಿ ಇದಕ್ಕಿಂತ ದೊಡ್ಡ ನಿದರ್ಶನವಿಲ್ಲ. ಆದರೆ ಮುಂದೇನಾಯಿತು? ಮುಂಬಾಗಿಲಲ್ಲಿ ಮಹಿಳೆಯರ ಬೋರ್ಡು, ಹಿಂಬಾಗಿಲಲ್ಲಿ ಖಾಸಗಿ ಕಂಪನಿಯ ಹಿಡಿತ ಎಂಬ ಆರೋಪ ಲೋಕಾಯುಕ್ತದವರೆಗೂ ಹೋಯಿತು. ಮಹಾರಾಷ್ಟ್ರದಲ್ಲಿ ಇನ್ನೊಂದು ಬಗೆ. ಅಲ್ಲಿ ಮಹಿಳಾ ಮಂಡಳಿಗಳಿಗೆಂದೇ ಕರೆದ ಟೆಂಡರಿನ ಷರತ್ತುಗಳನ್ನು ದೊಡ್ಡವರಿಗಷ್ಟೇ ಎಟುಕುವಂತೆ ಬರೆಯಲಾಗಿತ್ತು. ವೈಷ್ಣೋರಾಣಿ ಮಹಿಳಾ ಬಚತ್ ಗಟ್ ಎಂಬ ಸಂಘ ಕೋರ್ಟಿಗೆ ಹೋಯಿತು, 2019ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ಟೆಂಡರ್ ವ್ಯವಸ್ಥೆಯನ್ನು ತಳ್ಳಿಹಾಕಿತು. ಮೀಸಲು ಕೊಟ್ಟ ಕೈಯೇ ಷರತ್ತಿನ ಪುಟದಲ್ಲಿ ಅದನ್ನು ಕಿತ್ತುಕೊಳ್ಳಬಲ್ಲದು. ಹಾಗಾಗಿ ಟೆಂಡರ್ ಬಂತು ಎಂದರೆ ಮೊತ್ತ ನೋಡುವ ಮುಂಚೆ ಅರ್ಹತೆಯ ಪುಟ ತೆರೆಯಿರಿ.

ಆದ್ಯತೆಯೆಂಬುದು ಎಷ್ಟು ತೆಳ್ಳಗಿನ ದಾರವೆಂದು ತಿಳಿಯಲು ನೀವು ಹುಬ್ಬಳ್ಳಿಯ ಬೆಂಗೇರಿಗೆ ಹೋಗಿಬಂದರೆ ಸಾಕು. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಅಲ್ಲಿದೆ. ಬಿಐಎಸ್ ಮುದ್ರೆಯ ರಾಷ್ಟ್ರಧ್ವಜ ತಯಾರಿಸುವ ದೇಶದ ಏಕೈಕ ಘಟಕವೆಂದು ಬಹುಕಾಲ ಹೆಸರಾಗಿತ್ತು. ಬಟ್ಟೆ ಬರುವುದು ಬಾಗಲಕೋಟೆಯ ತುಳಸಿಗೇರಿಯಿಂದ. ನೂಲುವವರು, ನೇಯುವವರು, ಹೊಲಿಯುವವರಲ್ಲಿ ಬಹುಪಾಲು ಹೆಣ್ಣುಮಕ್ಕಳು. ಧ್ವಜ ಕೈನೂಲಿನ, ಕೈಮಗ್ಗದ ಬಟ್ಟೆಯದೇ ಇರಬೇಕೆಂಬ ಧ್ವಜ ಸಂಹಿತೆಯ ಒಂದು ಸಾಲು ಅವರೆಲ್ಲರ ಅನ್ನವಾಗಿತ್ತು. 2021ರ ಡಿಸೆಂಬರ್ 30ರಂದು ಆ ಸಾಲಿಗೆ ತಿದ್ದುಪಡಿ ಬಂತು: ಯಂತ್ರದಲ್ಲಿ ಮಾಡಿದ್ದೂ ನಡೆಯುತ್ತದೆ, ಪಾಲಿಯೆಸ್ಟರ್ ಆದರೂ ನಡೆಯುತ್ತದೆ. ಮರುವರ್ಷವೇ ಸ್ವಾತಂತ್ರ್ಯದ ಅಮೃತ ಮಹೋತ್ಸವ, ಮನೆಮನೆಯಲ್ಲಿ ತಿರಂಗ. ಅಷ್ಟೊಂದು ಬಾವುಟ ಹಾರಿದ ಆ ವರ್ಷವೇ ಬೆಂಗೇರಿಯವರು ಆರ್ಡರ್ ಕುಸಿಯಿತೆಂದು ಧರಣಿ ಕೂತರು. ಅಗ್ಗದ ಬಾವುಟ ಬಡವನ ಮನೆಗೂ ಮುಟ್ಟಲಿ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ಸರ್ಕಾರಿ ಕಚೇರಿಯ ಕಂಬಕ್ಕಾದರೂ ಖಾದಿಯೇ ಎಂದು ಉಳಿಸಿದ್ದರೆ ಯಾರ ಗಂಟು ಹೋಗುತ್ತಿತ್ತು?

ಗಜೇಂದ್ರಗಡದ ನೇಕಾರರಿಗೆ ಈ ಕಥೆ ಹೊಸದೇನಲ್ಲ. ಪಟ್ಟೇದ ಅಂಚಿನ ಸೀರೆಗೆ ಗಿರಾಕಿ ಊರೂರಲ್ಲಿ ಇದ್ದಾರೆ, ಅದಕ್ಕೆ ಸರ್ಕಾರದ ಹಂಗಿಲ್ಲ. ಆದರೆ ವಿದ್ಯಾವಿಕಾಸ ಯೋಜನೆಯ ಶಾಲಾ ಸಮವಸ್ತ್ರದ ಒಂದು ಪಾಲನ್ನು ಕೈಮಗ್ಗ ಅಭಿವೃದ್ಧಿ ನಿಗಮದ ಮೂಲಕ ನೇಕಾರರಿಂದ ಕೊಳ್ಳುವ ಪದ್ಧತಿ ಬಂದಾಗ ರಾಜ್ಯದ ಎಷ್ಟೋ ಮಗ್ಗಗಳಿಗೆ ವರ್ಷದಲ್ಲಿ ಕೆಲವು ತಿಂಗಳ ನಂಬುಗೆಯ ಕೆಲಸ ಸಿಕ್ಕಿತು. ಆ ಕೆಲಸದಲ್ಲಿ ನೂಲು ಯಾವಾಗ ಬರುತ್ತದೆ, ಕೂಲಿ ಯಾವಾಗ ಬರುತ್ತದೆ ಎಂಬುದೇ ಬಾಳು. ಮಗ್ಗದವನಿಗೆ ಮೂರು ತಿಂಗಳ ಕೂಲಿ ತಡವಾದರೆ ಮೀಸಲಾತಿ ಇದ್ದೂ ಅವನು ಸಾಲಗಾರ.

ಅಲ್ಲಿಗೆ ನಾನು ಎರಡನೆಯ ಮಾತಿಗೆ ಬಂದೆ: ಬಿಲ್ಲಿನ ತಾರೀಖು. 2006ರ ಎಂಎಸ್‌ಎಂಇ ಕಾಯ್ದೆಯ 15ನೇ ಕಲಂ ಪ್ರಕಾರ ಸೂಕ್ಷ್ಮ, ಸಣ್ಣ ಉದ್ದಿಮೆಯಿಂದ ಸರಕು ಪಡೆದವರು ಹೆಚ್ಚೆಂದರೆ 45 ದಿನದಲ್ಲಿ ದುಡ್ಡು ಕೊಡಬೇಕು. ತಡವಾದರೆ 16ನೇ ಕಲಂ: ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ಇದು ಖಾಸಗಿಯವರಿಗಷ್ಟೇ ಅಲ್ಲ, ರಾಜ್ಯ ಸರ್ಕಾರದ ಕಚೇರಿಗೂ ಅನ್ವಯ. ಕೊಡದಿದ್ದರೆ ಆನ್‌ಲೈನ್ ಪೋರ್ಟಲ್‌ನಲ್ಲಿ ದೂರು ಹಾಕಿ ಫೆಸಿಲಿಟೇಶನ್ ಕೌನ್ಸಿಲ್ ಮುಂದೆ ಹೋಗಬಹುದು. ಕಾಮಗಾರಿ ಗುತ್ತಿಗೆಗೆ ಇದು ಸಲ್ಲುತ್ತದೆಯೇ ಎಂಬ ವಾದ ಕೋರ್ಟುಗಳಲ್ಲಿ ನಡೆದಿದೆ. ಬೆಂಚು ಮಾಡಿಕೊಟ್ಟ ಬಡಿಗೇರನಿಗೆ, ರಿಜಿಸ್ಟರ್ ಅಚ್ಚು ಹಾಕಿದ ಪ್ರೆಸ್ಸಿಗೆ ಆ ಅನುಮಾನವಿಲ್ಲ. ತಮಾಷೆಯೆಂದರೆ ಆದಾಯ ತೆರಿಗೆ ಕಾಯ್ದೆಗೆ 43ಬಿ(ಎಚ್) ಸೇರಿಸಿ, ಸಣ್ಣವರಿಗೆ ಸಕಾಲಕ್ಕೆ ಕೊಡದ ವ್ಯಾಪಾರಿಗೆ ಆ ವರ್ಷ ಆ ಖರ್ಚು ತೋರಿಸಲು ಬಿಡುವುದಿಲ್ಲ ಎಂದು ಬಿಗಿ ಮಾಡಿದರು. ಗದಗಿನ ಸಗಟು ವ್ಯಾಪಾರಿ ಹೆದರಿ ದುಡ್ಡು ಕೊಡಲು ಶುರುಮಾಡಿದ. ಪುರಸಭೆ ಆದಾಯ ತೆರಿಗೆಗೆ ಯಾಕೆ ಹೆದರೀತು?

ದೂರು ಕೊಟ್ಟರೆ ಮುಂದಿನ ಕೆಲಸ ಸಿಗದು ಎಂಬ ನಿಮ್ಮ ಹೆದರಿಕೆ ನನಗೆ ಗೊತ್ತು, ಅದು ಹುಸಿಯಲ್ಲ. ಅದಕ್ಕೇ ಒಬ್ಬೊಬ್ಬರೇ ಹೋಗಬೇಡಿ, ಸಂಘದ ಲೆಟರ್‌ಹೆಡ್ಡಿನಲ್ಲಿ ಬಾಕಿಯ ಪಟ್ಟಿ ಕೊಡಿ.

ಸಣ್ಣ ಮಟ್ಟದ ಖರೀದಿ ಅಂದಮಾತ್ರಕ್ಕೆ ಎಲ್ಲ ಚೆಂದವೆಂದೂ ತಿಳಿಯಬೇಡಿ. ಶಾಲೆಯ ಮಕ್ಕಳ ಮೊಟ್ಟೆಯನ್ನು ಶಾಲೆಯವರೇ ಊರಲ್ಲಿ ಕೊಳ್ಳುತ್ತಾರೆ. ಕೋಳಿ ಸಾಕುವವರಿಗೂ ಅಂಗಡಿಯವರಿಗೂ ಒಳ್ಳೆಯದೇ ಆಯಿತು. ಆದರೆ ಒಂದಕ್ಕೆ 6 ರೂಪಾಯಿ ಎಂದು ಮೇಲಿನಿಂದ ಗೊತ್ತುಮಾಡಿ, ಪೇಟೆಯಲ್ಲಿ ದರ ಏರಿದಾಗ ಮುಖ್ಯೋಪಾಧ್ಯಾಯರು ತಮ್ಮ ಜೇಬಿನಿಂದ ಹಾಕಬೇಕಾಯಿತು. ಅಧಿಕಾರ ಕೆಳಗೆ ಇಳಿದರೆ ದರವೂ ಜೊತೆಗೆ ಇಳಿದು ಬರಬೇಕು.

ಈಗ ನಮ್ಮ ಕಡೆಯ ಹೊಲಸು. ಮೀಸಲು ಕೆಲಸ ಹಿಡಿಯಲು ಪರಿಶಿಷ್ಟ ಜಾತಿಯವನ ಲೈಸೆನ್ಸ್ ಬಾಡಿಗೆಗೆ ತೆಗೆದುಕೊಳ್ಳುವವರು ನಮ್ಮಲ್ಲೇ ಇದ್ದಾರೆ. ಹೆಂಡತಿಯ ಹೆಸರಲ್ಲಿ ಮಹಿಳಾ ಉದ್ದಿಮೆ ಮಾಡಿ, ಅವಳ ಡಿಜಿಟಲ್ ಸಹಿಯ ಕೀಯನ್ನು ತಮ್ಮ ಬೈಕಿನ ಕೀಗೆ ಪೋಣಿಸಿಕೊಂಡು ತಿರುಗುವವರನ್ನು ಕಂಡಿದ್ದೇನೆ. ನಾಲ್ವರು ಕೂತು ರಿಂಗ್ ಮಾಡುವುದು, ಅದಕ್ಕೆ ಒಲ್ಲದವನ ಮೇಲಿನ ಸಿಟ್ಟಿಗೆ ಶೇ 30 ಬಿಲೋ ಹಾಕಿ ಆಮೇಲೆ ಸಿಮೆಂಟಿನಲ್ಲಿ ಕಡಿತ ಮಾಡುವುದು, ಇದೆಲ್ಲ ದೊಡ್ಡವರು ಮಾತ್ರ ಮಾಡುತ್ತಾರೆಯೇ? ಆದ್ಯತೆ ಬೇಡ ಎನ್ನುವ ಅಧಿಕಾರಿಗೆ ನಾವೇ ಕೊಡುವ ಕಾರಣಗಳಿವು. ಸಂಘ ಕಟ್ಟಿದರೆ ಮೊದಲ ಠರಾವು ಇಂಥವರನ್ನು ಹೊರಗಿಡುವುದಾಗಿರಲಿ.

ಸಂಘ ಕಟ್ಟುವುದು ನಮಗೆ ಯಾರೂ ಕಲಿಸಬೇಕಿಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶಕ್ಕೇ ಮೊದಲೆನಿಸಿದ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ನರಗುಂದದ ರೈತರು 1980ರ ಜುಲೈನಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಅಭಿವೃದ್ಧಿ ಕರದ ವಿರುದ್ಧ ಎದ್ದಾಗ ಬೆಂಗಳೂರು ತಿರುಗಿ ನೋಡಿತು. ರೈತರಿಗಿರುವ ಸಂಘಬಲ ಸಣ್ಣ ಉದ್ದಿಮೆಯವರಿಗೆ ಯಾಕಿಲ್ಲ ಎಂದರೆ ನಾವು ಒಬ್ಬರಿಗೊಬ್ಬರು ಎಲ್-1 ಎಲ್-2. ನಾಲ್ಕು ಬಡಿಗೇರರು ಒಂದು ಸಹಕಾರ ಸಂಘವಾಗಿ ನೋಂದಾಯಿಸಿಕೊಂಡು, ನೂರು ಡೆಸ್ಕಿನ ಆರ್ಡರನ್ನು ಇಪ್ಪತ್ತೈದರಂತೆ ಹಂಚಿಕೊಂಡರೆ ವಹಿವಾಟಿನ ಷರತ್ತು ಅರ್ಧ ಸಡಿಲವಾಗುತ್ತದೆ.

ಮಾಡಬೇಕಾದ್ದು ಬಹಳವಿಲ್ಲ. ಕಳೆದ ಎರಡು ವರ್ಷ ನಿಮ್ಮ ಪುರಸಭೆ, ತಾಲ್ಲೂಕು ಪಂಚಾಯಿತಿ ಕರೆದ ಟೆಂಡರುಗಳ ಪಟ್ಟಿಯನ್ನು 10 ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ ಕೇಳಿ: ಎಷ್ಟು ಕಾಮಗಾರಿಗಳನ್ನು ಸೇರಿಸಿ ಒಂದು ಪ್ಯಾಕೇಜ್ ಮಾಡಿದರು, ಕೆಲಸ ಯಾವ ಊರಿನವರಿಗೆ ಹೋಯಿತು, ಬಿಲ್ಲು ಎಷ್ಟು ದಿನಕ್ಕೆ ಪಾವತಿಯಾಯಿತು. ಪಟ್ಟಿ ಕೈಗೆ ಬಂದ ಮೇಲೆ ಶಾಸಕರ ಹತ್ತಿರ ಹೋಗಿ, ಬರಿಗೈಯಲ್ಲಿ ಹೋಗಬೇಡಿ. ಕ್ರಿಯಾಯೋಜನೆ ತಯಾರಾಗುವ ತಿಂಗಳುಗಳಲ್ಲೇ ಅರ್ಜಿ ಕೊಡಬೇಕು. ಟೆಂಡರ್ ಪ್ರಕಟವಾದ ಮೇಲೆ ಕೊಟ್ಟ ಅರ್ಜಿ ಫೈಲಿಗೆ ಕಟ್ಟಲಷ್ಟೇ ಉಪಯೋಗ. ಅರ್ಜಿಯಲ್ಲಿ ಮೂರೇ ಮಾತಿರಲಿ. ಕೂಡಿಸಿದ ಕಾಮಗಾರಿಗಳನ್ನು ಲಾಟ್ ಮಾಡಿ, ಮಾಡದಿದ್ದರೆ ಕಾರಣ ಬರೆದು ನೋಟಿಸ್ ಬೋರ್ಡಿಗೆ ಹಚ್ಚಿ. ವಹಿವಾಟಿನ ಷರತ್ತನ್ನು ಲಾಟಿನ ಮೊತ್ತಕ್ಕೆ ತಕ್ಕಂತೆ ಇಡಿ. ತುಂಡು ಗುತ್ತಿಗೆಯಲ್ಲಿ ಕೆಲಸ ಮಾಡಿದವನ ಹೆಸರನ್ನು ಕೆಲಸ ಮುಗಿದ ಸರ್ಟಿಫಿಕೇಟಿನಲ್ಲಿ ನಮೂದಿಸಿ.

ಕರಡು ನಾನು ಬರೆದುಕೊಡುತ್ತೇನೆ, ಅದಕ್ಕೆ ಫೀ ಇಲ್ಲ. ಮೂರು ಪ್ರತಿ ಮಾಡಿಸಿ: ಒಂದು ಮುಖ್ಯಾಧಿಕಾರಿಗೆ, ಒಂದು ಕಾರ್ಯನಿರ್ವಾಹಕ ಎಂಜಿನಿಯರರಿಗೆ, ಒಂದು ನಿಮ್ಮ ಬಳಿ. ಆವಕ ವಿಭಾಗದಲ್ಲಿ ಮೊಹರು ಹಾಕಿಸಿ ತಾರೀಖು ಬರೆಸಿಕೊಳ್ಳದೆ ಹೊರಗೆ ಬರಬೇಡಿ.